ಬಿದ್ದವರನ್ನು ಕೂರಿಸುವ ಮುನ್ನ

ಜುಲೈ ತಿಂಗಳ 26ರಂದು ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಹಾಗೂ ಸಂತ ಅನ್ನಮ್ಮನವರ ಹಬ್ಬ. ಈ ಹಬ್ಬಕ್ಕೆ ಸಮೀಪವಾದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ದಿನವೆಂದು ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಇಡೀ ಧರ್ಮಸಭೆಗೆ ಗೊತ್ತುಪಡಿಸಿದರು. ಅಂದಿನಿಂದ ನಮ್ಮ ಧರ್ಮಕೇಂದ್ರಗಳಲ್ಲಿ ಈ ದಿನದ ಆಚರಣೆಗೆ ಒಂದು ಕ್ರಮ ರೂಢಿಯಾಗಿದೆ. ಬಲಿಪೂಜೆಯ ನಂತರ ಹಿರಿಯರನ್ನು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳ್ಳಿರಿಸುತ್ತೇವೆ. ಯುವಕರು ಹಾರ ಹಾಕುತ್ತಾರೆ, ಮಕ್ಕಳು ಹಾಡುತ್ತಾರೆ. ಒಂದು ಶಾಲು, ಎರಡು ಸೇಬು, ಒಂದು ಭಾವಚಿತ್ರ. ಇವೆಲ್ಲವೂ ಒಳ್ಳೆಯವೇ; ಯಾವುದನ್ನೂ ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಇಡೀ ಕಾರ್ಯಕ್ರಮದಲ್ಲಿ ಹಿರಿಯರಿಗೆ ವಹಿಸಲಾಗುವ ಏಕೈಕ ಕೆಲಸವೆಂದರೆ ಕುಳಿತಿರುವುದು ಎಂಬುದನ್ನು ನಾವು ಗಮನಿಸಿದ್ದು ತೀರ ಈಚೆಗೆ. ಹಾಗೆ ಗಮನಿಸುವಂತೆ ಮಾಡಿದ ಸಂಗತಿಯನ್ನೇ ಈ ವಾರ ಓದುಗರ ಮುಂದಿಡುತ್ತಿದ್ದೇವೆ.

ಪ್ರತಿ ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೂ ವೃದ್ಧರಿಗೂ ಪರಮಪ್ರಸಾದವನ್ನು ಮನೆಮನೆಗೆ ಕೊಂಡೊಯ್ಯುವ ಪದ್ಧತಿ ನಮ್ಮಲ್ಲಿದೆ. ಆ ಪಟ್ಟಿಗೆ ಹೊಸ ಹೆಸರೊಂದು ಸೇರಿದಾಗ ಕಾರಣ ಕೇಳಿದರೆ ಹೆಚ್ಚಾಗಿ ದೊರೆಯುವ ಉತ್ತರ ಒಂದೇ ಶಬ್ದದ್ದು: ‘ಬಿದ್ದರು.’ ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಮೆಟ್ಟಿಲಿನಲ್ಲಿ, ಮನೆಯಿಂದ ಹತ್ತು ಹೆಜ್ಜೆ ಆಚೆಗಿರುವ ಬಚ್ಚಲಿನಲ್ಲಿ, ಅಥವಾ ಮಗ ಕೊಲ್ಲಿ ರಾಷ್ಟ್ರದಿಂದ ಕಳುಹಿಸಿದ ಹಣದಲ್ಲಿ ಪ್ರೀತಿಯಿಂದ ಹಾಸಿಸಿದ, ಮುಖ ಕಾಣುವಷ್ಟು ಹೊಳೆಯುವ ನೆಲದ ಮೇಲೆ. ಹಳೆಯ ಸೆಗಣಿ ಸಾರಿಸಿದ ನೆಲದಲ್ಲಿ ಅರುವತ್ತು ವರ್ಷ ನಡೆದ ಪಾದಗಳು ಈ ಹೊಸ ನೆಲವನ್ನು ಇನ್ನೂ ನಂಬಿಲ್ಲ.

ಇದು ನಮ್ಮ ಊರಿನ ಸಂಕಟ ಮಾತ್ರವಲ್ಲ. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಮಂದಿ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದು. ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ 75 ವರ್ಷ ದಾಟಿದ, ತಮ್ಮ ತಮ್ಮ ಮನೆಗಳಲ್ಲೇ ವಾಸವಾಗಿದ್ದ 336 ಮಂದಿಯನ್ನು ಒಂದು ವರ್ಷ ಕಾಲ ಗಮನಿಸಿ 1988ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಮೂವರಲ್ಲಿ ಸುಮಾರು ಒಬ್ಬರು ಆ ಒಂದೇ ವರ್ಷದಲ್ಲಿ ಒಮ್ಮೆಯಾದರೂ ಬಿದ್ದಿದ್ದರು. ನಮ್ಮ ದೇಶದಲ್ಲಿ 60 ದಾಟಿದವರ ಸಂಖ್ಯೆ 2011ರ ಜನಗಣತಿಯಲ್ಲೇ ಹತ್ತು ಕೋಟಿಯನ್ನು ಮೀರಿತ್ತು.

ಬಿದ್ದ ಮರುದಿನ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ಮಕ್ಕಳು ಗಾಬರಿಗೊಳ್ಳುತ್ತಾರೆ, ದುಬೈಯಿಂದ ದೂರವಾಣಿ ಬರುತ್ತದೆ, ಮತ್ತು ಎಲ್ಲರೂ ಸೇರಿ ಒಂದು ಆಜ್ಞೆ ಹೊರಡಿಸುತ್ತಾರೆ: ‘ಇನ್ನು ನೀವು ಏನೂ ಮಾಡುವುದು ಬೇಡ, ಕುಳಿತುಕೊಂಡಿರಿ ಸಾಕು.’ ಕೋಳಿಗಳಿಗೆ ಅಕ್ಕಿ ಹಾಕುವ ಕೆಲಸ ಮೊಮ್ಮಗನಿಗೆ ಹೋಗುತ್ತದೆ. ಮಲ್ಲಿಗೆ ಕೊಯ್ಯಲು ಕೂಲಿಯವಳು ಬರುತ್ತಾಳೆ. ಬೆಳಗಿನ ಪೂಜೆಯನ್ನು ದೂರದರ್ಶನದಲ್ಲಿ ನೋಡಬಹುದಲ್ಲ ಎನ್ನುತ್ತಾರೆ. ಇದರಲ್ಲಿ ದ್ವೇಷದ ಲವಲೇಶವೂ ಇಲ್ಲ, ಎಲ್ಲವೂ ಅಕ್ಕರೆಯೇ. ಆದರೆ ಶರೀರಕ್ಕೆ ಅಕ್ಕರೆಯ ಭಾಷೆ ತಿಳಿಯದು. ಆರೋಗ್ಯವಂತರಾದ ಹಿರಿಯ ಸ್ವಯಂಸೇವಕರನ್ನು ಕೇವಲ 10 ದಿನ ಹಾಸಿಗೆಯಲ್ಲಿ ಇರಿಸಿ ನಡೆಸಿದ ಒಂದು ಪರೀಕ್ಷೆಯ ಫಲಿತಾಂಶ 2007ರಲ್ಲಿ ಪ್ರಕಟವಾಯಿತು: ಅಷ್ಟರಲ್ಲೇ ಅವರ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಕರಗಿಹೋಗಿತ್ತು. ಬಿದ್ದೇನೆಂಬ ಭಯದಿಂದ ನಡೆಯದಿರುವುದು, ನಡೆಯದ್ದರಿಂದ ಕಾಲು ಸೊರಗುವುದು, ಸೊರಗಿದ ಕಾಲಿನಿಂದ ಮತ್ತೆ ಬೀಳುವುದು, ಈ ಚಕ್ರವನ್ನು ವೈದ್ಯರು ಚೆನ್ನಾಗಿ ಬಲ್ಲರು. ಚಕ್ರದ ಮೊದಲ ತಿರುವನ್ನು ಅನೇಕ ವೇಳೆ ತಿರುಗಿಸುವವರು ಪ್ರೀತಿಸುವವರೇ ಎಂಬುದು ಮಾತ್ರ ನಮ್ಮ ಅರಿವಿಗೆ ತಡವಾಗಿ ಬರುತ್ತದೆ.

ನಮ್ಮ ಅರಿವಿಗಂತೂ ತೀರ ತಡವಾಗಿಯೇ ಬಂತು. ನಮ್ಮ ಧರ್ಮಕೇಂದ್ರದಲ್ಲಿ ನಾಲ್ಕು ದಶಕಗಳ ಕಾಲ ಗಂಟೆ ಬಾರಿಸಿದ ಹಿರಿಯರೊಬ್ಬರಿದ್ದಾರೆ. ಮುಂಜಾನೆ, ಮಧ್ಯಾಹ್ನ, ಸಂಜೆ, ದಿನಕ್ಕೆ ಮೂರು ಬಾರಿ ಗದ್ದೆಯ ಬದುವಿನ ಮೇಲೆ ನಡೆದು ಬಂದು ತ್ರಿಕಾಲ ಜಪದ ಗಂಟೆ ಬಾರಿಸಿ ಹೋಗುತ್ತಿದ್ದರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಆಷಾಢದ ಒಂದು ಮುಂಜಾನೆ, ಗಂಟೆಗೋಪುರದ ಒದ್ದೆ ಮೆಟ್ಟಿಲಿನ ಮೇಲೆ ಜಾರಿದರು. ಮಣಿಕಟ್ಟು ಉಳುಕಿದ್ದಷ್ಟೇ. ಆದರೆ ನಾವು ಕನಿಕರಪಟ್ಟೆವು. ನಿಜ ಹೇಳಬೇಕೆಂದರೆ, ಮುಂದೆ ಏನಾದರೂ ಹೆಚ್ಚುಕಡಿಮೆಯಾದರೆ ಜನ ಏನೆಂದಾರು ಎಂಬ ಅಳುಕೂ ಆ ಕನಿಕರದಲ್ಲಿ ಬೆರೆತಿತ್ತು. ಎರಡು ತಿಂಗಳೊಳಗೆ ಗಂಟೆಗೆ ವಿದ್ಯುತ್ ಯಂತ್ರ ಅಳವಡಿಸಲಾಯಿತು. ಯಂತ್ರ ತಪ್ಪದೆ, ಗಡಿಯಾರಕ್ಕೆ ಸರಿಯಾಗಿ ಬಾರಿಸುತ್ತದೆ. ಹಿರಿಯರಿಗೆ ಬಲಿಪೀಠದ ಮುಂದೆ ಶಾಲು ಹೊದಿಸಿ, ಒಂದಿಷ್ಟು ಹಣವಿದ್ದ ಲಕೋಟೆ ಕೊಟ್ಟು, ‘ಇನ್ನು ವಿಶ್ರಾಂತಿ ತೆಗೆದುಕೊಳ್ಳಿ’ ಎಂದೆವು. ಅವರು ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದರು. ಮೊದಲು ದಿನಪೂಜೆಗೆ ಬರುವುದು ನಿಂತಿತು. ಆ ಮೇಲೆ ಭಾನುವಾರದ ಪೂಜೆಗೂ ಮಗನ ರಿಕ್ಷಾ ಬೇಕಾಯಿತು. ಏಳನೆಯ ತಿಂಗಳಲ್ಲಿ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಕುರ್ಚಿಯಿಂದ ಏಳಹೋಗಿ ತಮ್ಮದೇ ಮನೆಯ ಜಗಲಿಯಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ನೆಲ ಒಣಗಿತ್ತು, ಮೆಟ್ಟಿಲು ಇರಲಿಲ್ಲ.

ಗಂಟೆಯ ಯಂತ್ರವೇ ಅವರ ಮೂಳೆ ಮುರಿಯಿತೆಂದು ನಾವು ವಾದಿಸುವುದಿಲ್ಲ. ಒಂದರ ಹಿಂದೆ ಇನ್ನೊಂದು ಸಂಭವಿಸಿದ ಮಾತ್ರಕ್ಕೆ ಮೊದಲಿನದು ಎರಡನೆಯದರ ಕಾರಣವಾಗದೆಂದು ಗುರುಮಠದ ಮೊದಲ ವರ್ಷದ ತರ್ಕಶಾಸ್ತ್ರದಲ್ಲೇ ಕಲಿಸುತ್ತಾರೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೆಂದು ಅಕ್ಷರ ಕಲಿಯದ ಅಜ್ಜಿಯೂ ಬಲ್ಲಳು. ಆದರೂ ಆ ಗಂಟೆ ತಾನೇ ತಾನಾಗಿ ಬಾರಿಸುವಾಗಲೆಲ್ಲ ನಮ್ಮ ಮನಸ್ಸು ನೆಟ್ಟಗಿರುವುದಿಲ್ಲ.

ಅದೇ ಗುರುಮಠದಲ್ಲಿ ಕಲಿತ ಇನ್ನೊಂದು ಪಾಠ ಈ ಸಂದರ್ಭದಲ್ಲಿ ನೆನಪಿಗೆ ಬರುತ್ತದೆ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಕಾರಣಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು. ಅವುಗಳಲ್ಲಿ ಕೊನೆಯದು ಉದ್ದೇಶ-ಕಾರಣ, ಎಂದರೆ ಯಾವುದಕ್ಕಾಗಿ ಒಂದು ಕೆಲಸ ನಡೆಯುತ್ತದೆಯೋ ಅದು. ಇದನ್ನು ವಿವರಿಸಲು ಆತ ಆರಿಸಿಕೊಂಡ ಉದಾಹರಣೆ ನಡಿಗೆಯದೇ: ಮನುಷ್ಯನೇಕೆ ನಡೆಯುತ್ತಾನೆಂದರೆ ಆರೋಗ್ಯಕ್ಕಾಗಿ. ಸಂತ ತೋಮಾಸ್ ಅಕ್ವಿನಾಸರು ಈ ತತ್ತ್ವವನ್ನು ಕ್ರೈಸ್ತ ಚಿಂತನೆಯೊಳಗೆ ತಂದು, ಉದ್ದೇಶವು ಸಂಕಲ್ಪದಲ್ಲಿ ಮೊದಲನೆಯದೂ ಸಿದ್ಧಿಯಲ್ಲಿ ಕೊನೆಯದೂ ಆಗಿರುತ್ತದೆಂಬುದನ್ನು ಬಿಡಿಸಿ ತೋರಿಸಿದರು. ಮೂವತ್ತು ವರ್ಷ ಹಳ್ಳಿಗಳಲ್ಲಿ ಸೇವೆ ಸಲ್ಲಿಸಿದ ಬಳಿಕ ಅರಿಸ್ಟಾಟಲನ ತತ್ತ್ವವನ್ನು ನಾವು ಪೂರ್ತಿ ಒಪ್ಪುತ್ತೇವೆ, ಉದಾಹರಣೆಯನ್ನು ಅರ್ಧ ಮಾತ್ರ. ಎಂಬತ್ತರ ಅಜ್ಜಿ ಆರೋಗ್ಯಕ್ಕಾಗಿ ನಡೆಯುವುದಿಲ್ಲ. ‘ದಿನಾ ಅರ್ಧ ಗಂಟೆ ನಡೆಯಿರಿ’ ಎಂದು ವೈದ್ಯರು ಬರೆದುಕೊಟ್ಟ ಚೀಟಿ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟದ್ದು ಅಲ್ಲೇ ಹಳದಿಯಾಗುತ್ತದೆ. ಆದರೆ ನೆರೆಮನೆಯ ಬಾಣಂತಿಗೆ ಎಣ್ಣೆ ತಿಕ್ಕಬೇಕಾಗಿದ್ದರೆ, ವಾಳೆಯ ಜಪಸರಕ್ಕೆ ತಾನೇ ಮೊದಲು ಹೇಳಬೇಕಾಗಿದ್ದರೆ, ಹಟ್ಟಿಯಲ್ಲಿ ಕರು ಕೂಗುತ್ತಿದ್ದರೆ, ಅದೇ ಅಜ್ಜಿ ಎದ್ದು ನಡೆಯುತ್ತಾಳೆ. ಅವಳನ್ನು ನಡೆಸುವುದು ಎಲ್ಲೋ ಯಾರೋ ತನಗಾಗಿ ಕಾದಿದ್ದಾರೆಂಬ ಅರಿವು. ಆರೋಗ್ಯ ಅವಳ ಹಿಂದೆ ಹಿಂದೆ ಬರುತ್ತದೆ.

ಈಗಿನ ವಿಜ್ಞಾನವೂ ಇದೇ ದಾರಿಯಲ್ಲಿ ಕೆಲವು ಹೆಜ್ಜೆ ಇಟ್ಟಿದೆ. ಅಮೆರಿಕದಲ್ಲಿ 50 ದಾಟಿದ ಸಾವಿರಾರು ಜನರನ್ನು ನಾಲ್ಕು ವರ್ಷ ಹಿಂಬಾಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಮ್ಮ ಬಾಳಿಗೆ ಗುರಿಯಿದೆಯೆಂದು ದೃಢವಾಗಿ ಭಾವಿಸಿದವರ ನಡಿಗೆ ನಿಧಾನಗೊಳ್ಳುವ ಸಂಭವ ಉಳಿದವರಿಗಿಂತ ಕಡಿಮೆಯಾಗಿ ಕಂಡುಬಂತು. ನಡಿಗೆಯ ವೇಗ ಕುಗ್ಗುವುದು ಬೀಳುವಿಕೆಯ ಮುನ್ಸೂಚನೆಗಳಲ್ಲಿ ಒಂದು. ಚಿಕಾಗೋ ನಗರದ ರಷ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಆರಂಭವಾದ ಮತ್ತೊಂದು ದೀರ್ಘ ಅಧ್ಯಯನಕ್ಕೆ ಸಾವಿರಕ್ಕೂ ಮಿಕ್ಕಿ ಕಥೋಲಿಕ ಕನ್ಯಾಸ್ತ್ರೀಯರು, ಗುರುಗಳು ಮತ್ತು ಧಾರ್ಮಿಕ ಸಹೋದರರು ತಮ್ಮನ್ನು ಒಪ್ಪಿಸಿಕೊಂಡರು. ವರ್ಷವರ್ಷವೂ ಪರೀಕ್ಷೆಗೆ ಒಳಗಾಗಿ, ಮರಣಾನಂತರ ತಮ್ಮ ಮೆದುಳನ್ನೂ ದಾನ ಮಾಡಲು ಸಮ್ಮತಿಸಿದರು. ಆ ಅಧ್ಯಯನದ ವಿಷಯ ಮುಖ್ಯವಾಗಿ ಮರೆವಿನ ಕಾಯಿಲೆ, ಬೀಳುವುದಲ್ಲ. ಆದರೂ ನಿವೃತ್ತರಾದ ಮೇಲೂ ಒಬ್ಬ ಕನ್ಯಾಸ್ತ್ರೀಗೆ ಕೊಡಲು ಏನಾದರೊಂದು ಉಳಿದೇ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಕಾಣದು.

ಇಲ್ಲಿ ಜಾಗರೂಕ ಓದುಗರು ಒಂದು ಆಕ್ಷೇಪ ಎತ್ತಬಹುದು. ಗುರಿಯಿದ್ದುದರಿಂದ ಕಾಲು ಗಟ್ಟಿಯಾಯಿತೋ, ಕಾಲು ಗಟ್ಟಿಯಿದ್ದುದರಿಂದ ಗುರಿ ಉಳಿಯಿತೋ? ಆಕ್ಷೇಪ ಸಾಧುವಾದದ್ದೇ; ಮೇಲಿನ ಅಧ್ಯಯನ ಒಂದರಿಂದಲೇ ಇದಕ್ಕೆ ಉತ್ತರ ಸಿಗುವುದಿಲ್ಲ. ಆದರೆ ಬಾಲ್ಟಿಮೋರ್ ನಗರದಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. 60 ವರ್ಷ ಮೀರಿದ 128 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರು ವಾರಕ್ಕೆ 15 ಗಂಟೆ ಬಡಾವಣೆಯ ಪ್ರಾಥಮಿಕ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಓದು ಕಲಿಸಲು, ಗ್ರಂಥಾಲಯ ನಡೆಸಲು, ಜಗಳ ಬಿಡಿಸಲು ನೆರವಾದರು. ಇನ್ನೊಂದು ಗುಂಪಿನವರು ತಮ್ಮ ಸರದಿಗಾಗಿ ಕಾದರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಶಾಲೆಗೆ ಹೋದವರ ಚಟುವಟಿಕೆಯೂ ದೇಹಬಲವೂ ಹೆಚ್ಚಿದ್ದವು, ಅವರ ನಡಿಗೆಯ ವೇಗ ಕಾದವರಷ್ಟು ಕುಸಿದಿರಲಿಲ್ಲ. ಅವರಿಗೆ ಯಾರೂ ವ್ಯಾಯಾಮ ಹೇಳಿಕೊಟ್ಟಿರಲಿಲ್ಲವೆಂಬುದನ್ನು ಗಮನಿಸಬೇಕು. ಬೆಳಗ್ಗೆ ಎದ್ದು ಬಸ್ಸು ಹತ್ತಲು ಅವರಿಗೊಂದು ಕಾರಣವಿತ್ತು, ಅಷ್ಟೇ.

ಹಾಗೆಂದು ಬಾಳಿನ ಗುರಿಯೇ ಕೈಪಿಡಿಯಾಗಿ, ಬಚ್ಚಲಿಗೆ ಕಂಬಿ ಹಾಕಿಸುವುದು ಬೇಡವೆಂದು ಯಾರೂ ಭಾವಿಸಬಾರದು. ಕಂಬಿ ಬೇಕು, ರಾತ್ರಿ ಎದ್ದರೆ ಕಾಣುವಂತೆ ದೀಪ ಬೇಕು, ಕಣ್ಣಿನ ಪರೀಕ್ಷೆ ಬೇಕು, ಸವೆದ ಹವಾಯಿ ಚಪ್ಪಲಿ ಬಿಸಾಡಬೇಕು. ನಿದ್ದೆಯ ಮಾತ್ರೆ ಹಾಗೂ ರಕ್ತದೊತ್ತಡದ ಮಾತ್ರೆಗಳ ಬಗ್ಗೆ ವೈದ್ಯರಲ್ಲಿ ಮತ್ತೊಮ್ಮೆ ಕೇಳಬೇಕು. ನೂರಕ್ಕೂ ಮಿಕ್ಕಿ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ನಡೆಸಿದ ಪರಾಮರ್ಶೆಯೊಂದರ ಪ್ರಕಾರ, ಕ್ರಮಬದ್ಧ ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು 23 ಶೇಕಡಾ ತಗ್ಗುತ್ತದೆ. ನಮ್ಮ ಗಂಟೆಗೋಪುರದ ಮೆಟ್ಟಿಲಿಗೆ ಒಂದು ಕಂಬಿ ಹಾಕಿಸಲು ಯಂತ್ರಕ್ಕೆ ಆದ ಖರ್ಚಿನ ಇಪ್ಪತ್ತರಲ್ಲಿ ಒಂದು ಪಾಲೂ ಆಗುತ್ತಿರಲಿಲ್ಲ ಎಂಬ ಲೆಕ್ಕ ನಮಗೆ ಹೊಳೆದದ್ದು ಆಮೇಲೆ.

ಗುರಿಯುಳ್ಳವರು ಬೀಳುವುದೇ ಇಲ್ಲವೆಂಬ ಮಾತೂ ಸುಳ್ಳು. ಜಗದ್ಗುರು ಎರಡನೆಯ ಜಾನ್ ಪಾಲರಿಗಿಂತ ದೃಢವಾದ ಗುರಿಯಿದ್ದ ವೃದ್ಧರನ್ನು ನಮ್ಮ ಕಾಲ ಕಂಡಿಲ್ಲ. ಅವರು 1993ರ ನವೆಂಬರಿನಲ್ಲಿ ಮೆಟ್ಟಿಲ ಮೇಲೆ ಮುಗ್ಗರಿಸಿ ಬಲಭುಜದ ಕೀಲು ತಪ್ಪಿಸಿಕೊಂಡರು. ಮತ್ತೆ 1994ರ ಏಪ್ರಿಲ್ 28ರ ರಾತ್ರಿ, ನಮ್ಮ ಯಾವುದೇ ಮನೆಯ ಅಜ್ಜನಂತೆ, ಸ್ನಾನದ ಕೋಣೆಯಲ್ಲಿ ಜಾರಿ ಬಿದ್ದು ಬಲತೊಡೆಯ ಮೂಳೆ ಮುರಿದುಕೊಂಡರು. ಜೆಮೆಲ್ಲಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಸುಮಾರು ನಾಲ್ಕು ವಾರ ಅಲ್ಲೇ ಉಳಿದರು. ಪರ್ವತ ಹತ್ತುತ್ತಿದ್ದ, ಹಿಮದ ಮೇಲೆ ಜಾರುತ್ತಿದ್ದ ಆ ಕಾಲು ಮತ್ತೆ ಮೊದಲಿನಂತಾಗಲೇ ಇಲ್ಲ. ಕೈಗೆ ಊರುಗೋಲು ಬಂತು. ಆದರೆ ಒಂಬತ್ತೇ ತಿಂಗಳಲ್ಲಿ, 1995ರ ಜನವರಿಯಲ್ಲಿ, ಊರುಗೋಲಿನೊಡನೆ ಮನಿಲಾಕ್ಕೆ ಹೋಗಿ ಯುವಜನರ ಮಹಾಸಾಗರದ ನಡುವೆ ನಿಂತರು. ಸಾಮಾನ್ಯ ಯುಗದ ಎರಡು ಸಾವಿರದ ವರ್ಷಕ್ಕೆ ಧರ್ಮಸಭೆಯನ್ನು ಕೊಂಡೊಯ್ಯುವುದು ತಮಗೆ ಒಪ್ಪಿಸಲಾದ ಕೆಲಸವೆಂಬ ನಂಬಿಕೆ ಅವರನ್ನು ಎಬ್ಬಿಸಿ ನಿಲ್ಲಿಸಿತು. 1999ರ ಅಕ್ಟೋಬರ್ 1ರಂದು, ತಮ್ಮ 79ನೆಯ ವಯಸ್ಸಿನಲ್ಲಿ, ಅವರು ಹಿರಿಯರಿಗೊಂದು ಪತ್ರ ಬರೆದರು. ಆ ಪತ್ರದಲ್ಲಿ ಜಗದ್ಗುರುವಿನ ದನಿಗಿಂತ ಹೆಚ್ಚಾಗಿ ಕೇಳಿಸುವುದು ಸಮವಯಸ್ಕರೊಡನೆ ಮಾತಿಗೆ ಕುಳಿತ ಮುದುಕನ ದನಿ. ಜಗದ್ಗುರು ಫ್ರಾನ್ಸಿಸರೂ ಹಾಗೆಯೇ. 2022ರಿಂದ ಗಾಲಿಕುರ್ಚಿ ಹಿಡಿದರು, 2025ರ ಜನವರಿಯಲ್ಲಿ ಬಿದ್ದು ಮುಂಗೈಗೆ ಪೆಟ್ಟು ಮಾಡಿಕೊಂಡರು, ಏಪ್ರಿಲ್ 20ರ ಪಾಸ್ಕ ಭಾನುವಾರ ಜನರನ್ನು ಹರಸಿ ಮರುದಿನ ದೈವಾಧೀನರಾದರು.

ಆದುದರಿಂದ ಬಿದ್ದವರೆಲ್ಲ ಗುರಿಯಿಲ್ಲದವರು ಎಂದು ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ. ಹಾಸಿಗೆ ಹಿಡಿದವರ ಬಳಿ ಹೋಗಿ ಉತ್ಸಾಹ ತಂದುಕೊಳ್ಳಿರೆಂದು ಉಪದೇಶಿಸುವುದು ಕ್ರೌರ್ಯವೇ ಸರಿ. ಯೋಬನ ಗೆಳೆಯರು ಮಾಡಿದ ತಪ್ಪು ಅದು. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಎಪ್ಪತ್ತು ದಾಟಿಯೂ ಮೂರು ಮನೆಗಳ ಪಾತ್ರೆ ತೊಳೆಯುವ ವಿಧವೆಯರು ನಮ್ಮ ನಡುವೆ ಇದ್ದಾರೆ. ಅವರಿಗೆ ಬೇಕಾದದ್ದು ಹೊಸ ಕೆಲಸವಲ್ಲ, ವಿಶ್ರಾಂತಿ. ಅವರ ಪಿಂಚಣಿಯ ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆಯೆಂದು ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರು ವಿಚಾರಿಸಿದರೆ ಅದೇ ದೊಡ್ಡ ಸೇವೆ.

ಉಳಿದವರ ವಿಷಯದಲ್ಲಿ ಧರ್ಮಕೇಂದ್ರಗಳು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಲೂಕನ ಶುಭಸಂದೇಶದಲ್ಲಿ ಬಾಲಯೇಸುವನ್ನು ದೇವಾಲಯದಲ್ಲಿ ಮೊದಲು ಗುರುತಿಸಿದವರು ಇಬ್ಬರು ಮುದುಕರು, ಸಿಮೆಯೋನ ಮತ್ತು 84 ವರ್ಷದ ಅನ್ನಳು. ಅನ್ನಳನ್ನು ಯಾರೂ ಸನ್ಮಾನಿಸಿದಂತೆ ಕಾಣುವುದಿಲ್ಲ. ಅವಳು ಅಲ್ಲಿ ಓಡಾಡಿಕೊಂಡಿದ್ದಳು. ಮಗುವನ್ನು ಕಂಡ ಕೂಡಲೇ ಅದರ ವಿಷಯವನ್ನು ಕಾದಿದ್ದವರಿಗೆಲ್ಲ ಹೇಳತೊಡಗಿದಳು. ಅಂದರೆ ದೇವಾಲಯಕ್ಕೆ ಅವಳಿಂದ ಆಗಬೇಕಾದದ್ದು ಒಂದಿತ್ತು. ನಮ್ಮ ದೇವಾಲಯಗಳಿಗೆ ನಮ್ಮ ಹಿರಿಯರಿಂದ ಆಗಬೇಕಾದದ್ದು ಏನು? ಹೊತ್ತು ಹೋಗಲೆಂದು ಕೈಗೆ ಕೊಡುವ ಹುಸಿಕೆಲಸವನ್ನು ಮುದುಕರು ಒಂದೇ ದಿನದಲ್ಲಿ ಗುರುತಿಸುತ್ತಾರೆ, ಮಕ್ಕಳಿಗಿಂತ ಬೇಗ. ಕೆಲಸ ನಿಜವಾದದ್ದಾಗಿರಬೇಕು, ಅವರು ಮಾಡದಿದ್ದರೆ ಉಳಿದುಹೋಗುವಂಥದ್ದಾಗಿರಬೇಕು.

ನಮ್ಮ ಗಂಟೆಯ ಹಿರಿಯರ ವಿಷಯದಲ್ಲಿ ಅಂಥದೊಂದು ಕೆಲಸ ಆಕಸ್ಮಿಕವಾಗಿ ಸಿಕ್ಕಿತು. ಸಮಾಧಿಭೂಮಿಯ ಹಳೆಯ ಭಾಗದಲ್ಲಿ ಅನೇಕ ಸಮಾಧಿಗಳಿಗೆ ಶಿಲುಬೆಯಿಲ್ಲ, ಇದ್ದವುಗಳ ಅಕ್ಷರ ಅಳಿಸಿಹೋಗಿದೆ. ಮುಂಬಯಿಯಿಂದ ಬಂದ ಕುಟುಂಬವೊಂದು ತಮ್ಮ ಮುತ್ತಜ್ಜಿಯ ಗುಂಡಿ ಯಾವುದೆಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ನಲವತ್ತು ವರ್ಷ ಮರಣದ ಗಂಟೆ ಬಾರಿಸಿದವರಿಗೆ ತಿಳಿದಿರಬಹುದೆಂದು ಅವರ ಹಾಸಿಗೆಯ ಬಳಿ ಹೋಗಿ ಕೇಳಿದೆವು. ತಿಳಿದಿತ್ತು. ಆ ಗುಂಡಿ ಮಾತ್ರವಲ್ಲ, ಅದರ ಎಡಬಲದವು, ಯಾರನ್ನು ಯಾವ ಮಳೆಯಲ್ಲಿ ಹೂಳಿದರು, ಯಾರ ಪೆಟ್ಟಿಗೆಗೆ ಹಲಗೆ ಸಾಲಲಿಲ್ಲ, ಎಲ್ಲವೂ. ಈಗ ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ಧರ್ಮಕೇಂದ್ರದ ಯುವಕನೊಬ್ಬ ದಫ್ತರು ಹಿಡಿದು ನಮ್ಮೊಡನೆ ಹೋಗುತ್ತಾನೆ. ಹಿರಿಯರು ಹೇಳುತ್ತಾರೆ, ಅವನು ಬರೆಯುತ್ತಾನೆ. ಅನುಮಾನ ಬಂದರೆ ‘ಅದನ್ನು ಕಣ್ಣಾರೆ ನೋಡಿಯೇ ಹೇಳಬೇಕು’ ಎನ್ನುತ್ತಾರೆ. ಹಾಗೆ ಹೇಳಿದ ಬಳಿಕ, ಆಸ್ಪತ್ರೆಯಿಂದ ತಂದು ಮೂಲೆಯಲ್ಲಿಟ್ಟಿದ್ದ ನಾಲ್ಕು ಕಾಲಿನ ಊರುಗೋಲನ್ನು ಕೇಳಿ ಪಡೆದು, ಜಗಲಿಯಲ್ಲಿ ಆಚೆಯಿಂದ ಈಚೆಗೆ ನಡೆಯತೊಡಗಿದ್ದಾರೆಂದು ಸೊಸೆ ತಿಳಿಸಿದಳು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ನಾವು ತರ್ಕಿಸಹೋಗಲಿಲ್ಲ. ಕಳೆದ ಗುರುವಾರ ನಾವು ತಲುಪಿದ್ದು ನಾಲ್ಕೂವರೆಗೆ. ಪಡುವಣ ಗೋಡೆಯ ಬದಿಯ ಮೂರನೆಯ ಸಾಲು ಅರ್ಧಕ್ಕೆ ನಿಂತಿರುವಾಗ ಗುರುಗಳಾದವರು ಹೀಗೆ ತಡಮಾಡಬಹುದೇ ಎಂದು ಅವರಿಂದ ಬೈಸಿಕೊಂಡು ಬಂದೆವು.